ಹಣಕಾಸು ಪ್ರಶ್ನೋತ್ತರ: ಸಿಬಿಲ್ ವರದಿಯಲ್ಲಿ ಕೂತ ಹಳೆಯ ಬಾಕಿ

ಪ್ರಶ್ನೆ: 2015ರಲ್ಲಿ ಬ್ಯಾಂಕೊಂದು ಒತ್ತಾಯ ಮಾಡಿ ಕ್ರೆಡಿಟ್ ಕಾರ್ಡ್ ಕೊಟ್ಟಿತ್ತು. ಒಂದೆರಡು ಸಲ ಬಳಸಿ ಬಿಲ್ ಕಟ್ಟಿ, 2017ರಲ್ಲಿ ಕಾರ್ಡ್ ಬೇಡವೆಂದು ಇಮೇಲ್ ಮಾಡಿದ್ದೆ. ಈಗ ಮನೆ ಸಾಲಕ್ಕೆ ಹೋದರೆ ಸಿಬಿಲ್‌ನಲ್ಲಿ 46,000 ರೂ. ‘ರಿಟನ್ ಆಫ್’ ಎಂದು ಬರುತ್ತಿದೆ. 12,000 ಕಟ್ಟಿದರೆ ಎಲ್ಲ ಕ್ಲಿಯರ್ ಮಾಡಿಸುತ್ತೇವೆ ಎಂದು ವಸೂಲಿ ಏಜೆನ್ಸಿಯವರು ಫೋನ್ ಮಾಡುತ್ತಿದ್ದಾರೆ. ಏಳು ವರ್ಷ ಕಳೆದರೆ ತಾನಾಗಿಯೇ ಅಳಿಸಿಹೋಗುತ್ತದೆ ಎನ್ನುವವರೂ ಇದ್ದಾರೆ. ಏನು ಮಾಡಲಿ?
— ಓದುಗರು, ಹಾಸನ

ಉತ್ತರ: ಸದ್ಯಕ್ಕೆ ಒಂದು ರೂಪಾಯಿಯನ್ನೂ ಕಟ್ಟಬೇಡಿ, ಯಾವ ಕಾಗದಕ್ಕೂ ಸಹಿ ಹಾಕಬೇಡಿ. 12,000 ಕಟ್ಟಿದರೆ ವರದಿಯಲ್ಲಿ ಬರುವುದು ‘ಸೆಟಲ್ಡ್’ ಎಂಬ ಮಾತು, ‘ಕ್ಲೋಸ್ಡ್’ ಅಲ್ಲ. ಪೂರ್ತಿ ಬಾಕಿ ಕಟ್ಟದೆ ರಾಜಿ ಮಾಡಿಕೊಂಡವರು ಎಂದೇ ಮನೆ ಸಾಲ ಕೊಡುವವರು ಅದನ್ನು ಓದುತ್ತಾರೆ. ಬಾಕಿ ನಿಮ್ಮದಲ್ಲ ಎನ್ನುವ ವಾದವೂ ಅಲ್ಲಿಗೆ ದುರ್ಬಲವಾಗುತ್ತದೆ.

ಏಳು ವರ್ಷದ ಮಾತು ಅರ್ಧ ಮಾತ್ರ ನಿಜ. ಮಾಹಿತಿಯನ್ನು ಕನಿಷ್ಠ ಏಳು ವರ್ಷ ಇಟ್ಟುಕೊಳ್ಳಬೇಕು ಎಂಬುದು ಸಿಬಿಲ್‌ನಂಥ, ಜನರ ಸಾಲದ ದಾಖಲೆ ಇಡುವ ಕ್ರೆಡಿಟ್ ಮಾಹಿತಿ ಕಂಪನಿಗಳಿಗಿರುವ ನಿಯಮ. ಅದಾದ ಮೇಲೆ ಅಳಿಸಲೇಬೇಕೆಂದು ಆ ನಿಯಮ ಹೇಳುವುದಿಲ್ಲ. ‘ರಿಟನ್ ಆಫ್’ ಎಂದರೆ ಸಾಲ ಮನ್ನಾ ಆಯಿತು ಎಂದೂ ಅಲ್ಲ. ಬ್ಯಾಂಕು ತನ್ನ ಲೆಕ್ಕಪುಸ್ತಕದಿಂದ ಅದನ್ನು ತೆಗೆದಿದೆ, ವಸೂಲಿಯ ಹಕ್ಕನ್ನು ಬಿಟ್ಟುಕೊಟ್ಟಿಲ್ಲ.

ಮೊದಲು ವರದಿಗಳನ್ನು ತರಿಸಿ. ಸಿಬಿಲ್, ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್ ಈ ನಾಲ್ಕೂ ಕಂಪನಿಗಳು ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕು. ಸಾಲ ಕೊಡುವವರು ಯಾವುದನ್ನು ನೋಡುತ್ತಾರೆಂದು ಹೇಳಲಾಗದ ಕಾರಣ ನಾಲ್ಕನ್ನೂ ನೋಡಿ. ಖಾತೆ ತೆರೆದ ದಿನ, ಕೊನೆಯ ಪಾವತಿಯ ದಿನ, ರಿಟನ್ ಆಫ್ ಮೊತ್ತ, ಈಗ ಬಾಕಿ ತೋರಿಸುತ್ತಿರುವವರು ಯಾರು ಎಂಬುದನ್ನು ಬರೆದಿಟ್ಟುಕೊಳ್ಳಿ. ಬ್ಯಾಂಕು ಸಾಲವನ್ನು ಆಸ್ತಿ ಪುನರ್‌ರಚನಾ ಕಂಪನಿಗೆ (ಬ್ಯಾಂಕುಗಳ ವಸೂಲಾಗದ ಸಾಲ ಕೊಳ್ಳುವ ಸಂಸ್ಥೆ) ಮಾರಿದ್ದರೆ ಒಂದೇ ಬಾಕಿ ಎರಡು ಹೆಸರಿನಲ್ಲಿ ಕಾಣಬಹುದು. ಆಗ ಎರಡನ್ನೂ ಸರಿಪಡಿಸಬೇಕು.

ಇಲ್ಲಿ ಬಹಳ ಜನ ಎಡವುತ್ತಾರೆ. ಸಿಬಿಲ್ ಕಂಪನಿ ತಾನಾಗಿ ಏನನ್ನೂ ತಿದ್ದುವುದಿಲ್ಲ, ಬ್ಯಾಂಕು ಕಳಿಸಿದ್ದನ್ನೇ ಅದು ತೋರಿಸುತ್ತದೆ. ಅಲ್ಲಿ ‘ಡಿಸ್ಪ್ಯೂಟ್’ (ಮಾಹಿತಿ ತಪ್ಪೆಂಬ ದೂರು) ಹಾಕಿದರೆ ಅದು ಬ್ಯಾಂಕಿಗೆ ಹೋಗುತ್ತದೆ. ಬ್ಯಾಂಕಿನವರು ತಮ್ಮ ಕಂಪ್ಯೂಟರ್ ನೋಡಿ ‘ಮಾಹಿತಿ ಸರಿಯಿದೆ’ ಎಂದು ಉತ್ತರಿಸಿದರೆ ಕಥೆ ಮುಗಿಯಿತು. ಆದ್ದರಿಂದ ಬ್ಯಾಂಕಿಗೂ ಸಿಬಿಲ್‌ಗೂ ಒಂದೇ ವಾರದಲ್ಲಿ, ದಾಖಲೆ ಸಮೇತ ಬರೆಯಿರಿ.

ಬ್ಯಾಂಕಿನ ಪತ್ರ ಗ್ರಾಹಕ ಸೇವೆಯ ಸಾಮಾನ್ಯ ವಿಳಾಸಕ್ಕೆ ಹೋದರೆ ಸಾಲದು, ದೂರುಗಳನ್ನು ನೋಡಿಕೊಳ್ಳುವ ನೋಡಲ್ ಅಧಿಕಾರಿಗೆ ಹೋಗಲಿ. ಇಮೇಲ್ ಜತೆಗೆ ಸ್ಪೀಡ್ ಪೋಸ್ಟ್‌ನಲ್ಲೂ ಕಳಿಸಿ. 2017ರ ಇಮೇಲಿನ ಪ್ರತಿ ಲಗತ್ತಿಸಿ. ಕಾರ್ಡಿನ ಅರ್ಜಿ, ಮೊದಲಿನಿಂದ ಕೊನೆಯವರೆಗಿನ ಎಲ್ಲ ಸ್ಟೇಟ್‌ಮೆಂಟ್, ಕೊನೆಯ ಪಾವತಿಯ ದಿನಾಂಕ, ಸಾಲ ಮಾರಿದ್ದರೆ ಅದರ ದಾಖಲೆ ಇಷ್ಟನ್ನು ಕೇಳಿ. ಪತ್ರದ ಮೊದಲಲ್ಲೇ ಹೀಗೆ ಬರೆಯಿರಿ: ‘ಈ ಬಾಕಿಯನ್ನು ನಾನು ಒಪ್ಪಿಲ್ಲ. ಈ ಪತ್ರವನ್ನು ಸಾಲದ ಒಪ್ಪಿಗೆಯೆಂದಾಗಲಿ, ಪಾವತಿಯ ಭರವಸೆಯೆಂದಾಗಲಿ ಪರಿಗಣಿಸಬಾರದು.’

ಈ ಎರಡು ವಾಕ್ಯಕ್ಕೆ ಬಲವಾದ ಕಾರಣವಿದೆ. 1963ರ ಕಾಲಮಿತಿ ಕಾಯ್ದೆಯ ಪ್ರಕಾರ ಅಡಮಾನವಿಲ್ಲದ ಇಂಥ ಸಾಲಕ್ಕೆ ದಾವೆ ಹೂಡಲು ಸಾಮಾನ್ಯವಾಗಿ ಮೂರು ವರ್ಷ ಅವಕಾಶ. ಆ ಅವಧಿಯೊಳಗೆ ನೀವು ಸಾಲ ಒಪ್ಪಿ ಸಹಿ ಹಾಕಿದ್ದರೆ ಮೂರು ವರ್ಷ ಹೊಸದಾಗಿ ಶುರುವಾಗುತ್ತದೆ. ಅವಧಿ ಮುಗಿದ ಮೇಲೂ ‘ಕಟ್ಟುತ್ತೇನೆ’ ಎಂದು ಬರೆದು ಸಹಿ ಮಾಡಿಕೊಟ್ಟರೆ, ಕರಾರು ಕಾಯ್ದೆಯ 25ನೇ ಕಲಮಿನಡಿ ಅದು ಹೊಸ ಕರಾರಾಗುತ್ತದೆ. ಏಜೆನ್ಸಿಯವರು ಕಳಿಸುವ ರಾಜಿ ಪತ್ರದಲ್ಲಿ ಇಂಥ ಸಾಲು ಸದ್ದಿಲ್ಲದೆ ಸೇರಿರುವುದುಂಟು. ಇನ್ನೊಂದು ಮಾತು: ಅವಧಿ ಮುಗಿದರೆ ನಿಲ್ಲುವುದು ಕೋರ್ಟಿನ ದಾರಿ ಮಾತ್ರ, ಸಿಬಿಲ್‌ನ ಸಾಲು ಅಲ್ಲೇ ಇರುತ್ತದೆ.

ಸ್ಟೇಟ್‌ಮೆಂಟ್ ಬಂದ ಮೇಲೆ ಸಾಲು ಸಾಲಾಗಿ ಓದಿ. ವಾರ್ಷಿಕ ಶುಲ್ಕ, ಅದರ ಮೇಲೆ ವಿಳಂಬ ಶುಲ್ಕ, ತೆರಿಗೆ, ಇವೆಲ್ಲದರ ಮೇಲೆ ತಿಂಗಳಿಗೆ ಶೇ. 3ಕ್ಕಿಂತ ಹೆಚ್ಚು ಬಡ್ಡಿ ಬಿದ್ದು ಸಣ್ಣ ಮೊತ್ತ ಹೀಗೆ ಬೆಳೆಯುತ್ತದೆ. ಕಟ್ಟದ ಶುಲ್ಕ ಮತ್ತು ತೆರಿಗೆಯನ್ನು ಅಸಲಿಗೆ ಸೇರಿಸಿ ಬಡ್ಡಿ ಹಾಕಬಾರದೆಂದು ರಿಸರ್ವ್ ಬ್ಯಾಂಕ್ 2022ರ ನಿರ್ದೇಶನದಲ್ಲಿ ಸ್ಪಷ್ಟವಾಗಿ ಹೇಳಿದೆ. ಅದು ಜಾರಿಗೆ ಬಂದದ್ದು 2022ರ ಅಕ್ಟೋಬರ್‌ನಿಂದ. ಬಾಕಿ ಆಮೇಲೂ ಬೆಳೆದಿದ್ದರೆ ಈ ಅಂಶವನ್ನು ಎತ್ತಿ. ಕಾರ್ಡ್ ಬೇಡವೆಂದ ನಂತರ ಹಾಕಿದ ಶುಲ್ಕಗಳೆಷ್ಟು, ನೀವು ನಿಜವಾಗಿ ಖರೀದಿಸಿದ್ದೆಷ್ಟು ಎಂದು ಬೇರೆಬೇರೆ ಕೂಡಿ ಪತ್ರದಲ್ಲಿ ಹಾಕಿ. ಖರೀದಿಯ ಬಾಕಿ ಏನಾದರೂ ಉಳಿದಿದ್ದರೆ ಅಷ್ಟನ್ನು ಕಟ್ಟುವುದೇ ನ್ಯಾಯ. ಆದರೆ ಖಾತೆಯನ್ನು ‘ಕ್ಲೋಸ್ಡ್’ ಎಂದು ತೋರಿಸುತ್ತೇವೆಂದು ಬ್ಯಾಂಕಿನ ಲೆಟರ್‌ಹೆಡ್‌ನಲ್ಲಿ ಬರೆದುಕೊಟ್ಟ ಮೇಲೆಯೇ ಕಟ್ಟಿ. ಹಣ ಕಾರ್ಡಿನ ಖಾತೆಗೇ ಹೋಗಲಿ, ಏಜೆಂಟರ ಯುಪಿಐಗೆ ಖಂಡಿತ ಬೇಡ. ಕಟ್ಟಿದ ಕೂಡಲೇ ಬಾಕಿಯಿಲ್ಲದ ಪ್ರಮಾಣಪತ್ರ ಪಡೆಯಿರಿ.

ಸಿಬಿಲ್‌ನಲ್ಲಿ ದೂರು ಹಾಕುವುದಕ್ಕೆ ಶುಲ್ಕವಿಲ್ಲ. ವರದಿಯ ಮೇಲಿರುವ ಕಂಟ್ರೋಲ್ ನಂಬರ್ ಬೇಕು. ‘ಖಾತೆ ನನ್ನದಲ್ಲ’ ಎಂಬುದನ್ನು ಒತ್ತಬೇಡಿ, ನಿಮ್ಮ ಪ್ರಕರಣದಲ್ಲಿ ಖಾತೆ ನಿಮ್ಮದೇ. ಮೊತ್ತ ಮತ್ತು ಸ್ಥಿತಿ ತಪ್ಪು ಎಂದು ದೂರಿ. 30 ದಿನದಲ್ಲಿ ಇತ್ಯರ್ಥವಾಗಬೇಕು. ಅದರೊಳಗೆ ಬ್ಯಾಂಕಿಗೆ ಸಿಗುವುದು 21 ದಿನ. 2024ರ ಏಪ್ರಿಲ್ 26ರಿಂದ, 30 ದಿನ ಮೀರಿದ ಪ್ರತಿ ದಿನಕ್ಕೆ 100 ರೂ. ಪರಿಹಾರ ಕೊಡಬೇಕೆಂಬ ನಿಯಮವಿದೆ. ದೂರು ತಿರಸ್ಕರಿಸಿದರೆ ಕಾರಣ ತಿಳಿಸುವುದು ಬ್ಯಾಂಕಿನ ಕರ್ತವ್ಯ.

30 ದಿನ ಕಳೆದರೂ ಉತ್ತರವಿಲ್ಲ ಅಥವಾ ಉತ್ತರ ಸರಿಯಿಲ್ಲ ಎಂದರೆ ಬ್ಯಾಂಕುಗಳ ವಿರುದ್ಧದ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ತಡಮಾಡದೆ ದೂರು ಕೊಡಿ. ರಿಸರ್ವ್ ಬ್ಯಾಂಕಿನ ದೂರು ಪೋರ್ಟಲ್ ಇದೆ, 14448ಕ್ಕೆ ಫೋನ್ ಮಾಡಿದರೆ ವಿಧಾನ ತಿಳಿಸುತ್ತಾರೆ. 2022ರ ಸೆಪ್ಟೆಂಬರ್‌ನಿಂದ ಕ್ರೆಡಿಟ್ ಮಾಹಿತಿ ಕಂಪನಿಗಳ ವಿರುದ್ಧದ ದೂರೂ ಅಲ್ಲಿಗೇ. ಹಣ ಖರ್ಚಿಲ್ಲ, ವಕೀಲರೂ ಬೇಡ. ಇದೇ ವಿಷಯಕ್ಕೆ ಗ್ರಾಹಕ ಆಯೋಗದಲ್ಲಿ ಮೊದಲೇ ಕೇಸು ಹಾಕಿದ್ದರೆ ಒಂಬುಡ್ಸ್‌ಮನ್ ದೂರನ್ನು ತೆಗೆದುಕೊಳ್ಳುವುದಿಲ್ಲ. ಹಾಗಾಗಿ ಈ ಬಾಗಿಲನ್ನು ಮೊದಲು ತಟ್ಟಿ.

ಪ್ರಶ್ನೆ: ನಾನು ತೆಗೆದುಕೊಳ್ಳದ ಬೈಕ್ ಸಾಲ ನನ್ನ ವರದಿಯಲ್ಲಿದೆ. 8,000 ಕೊಟ್ಟರೆ ತೆಗೆಸಿಕೊಡುತ್ತೇವೆಂದು ಒಂದು ಸಂಸ್ಥೆ ಹೇಳುತ್ತಿದೆ.
— ಓದುಗರು, ದಾವಣಗೆರೆ

ಉತ್ತರ: ಅವರು ಮಾಡುವುದು ನೀವೇ ಬಿಟ್ಟಿಯಾಗಿ ಹಾಕಬಹುದಾದ ಅದೇ ದೂರನ್ನು. ದುಡ್ಡು ಕೊಡಬೇಡಿ, ಒಟಿಪಿಯನ್ನಂತೂ ಕೊಡಲೇಬೇಡಿ. ನಮ್ಮಲ್ಲಿ ಒಬ್ಬರ ಹೆಸರೇ ಒಂದು ದಾಖಲೆಯಲ್ಲಿ ಇನಿಷಿಯಲ್ ಮುಂದೆ, ಇನ್ನೊಂದರಲ್ಲಿ ಹಿಂದೆ, ಮತ್ತೊಂದರಲ್ಲಿ ತಂದೆಯ ಪೂರ್ತಿ ಹೆಸರಿನೊಂದಿಗೆ ಇರುತ್ತದೆ. ಹೀಗಾಗಿ ಒಂದೇ ಹೆಸರಿನ ಇಬ್ಬರ ಸಾಲ ಬೆರೆತುಹೋಗುವುದುಂಟು. ವರದಿಯಲ್ಲಿರುವ ಪ್ಯಾನ್, ಜನ್ಮ ದಿನಾಂಕ, ವಿಳಾಸ, ಫೋನ್ ನಂಬರ್ ನಿಮ್ಮವೇ ಎಂದು ನೋಡಿ. ಬೇರೆಯವರದಿದ್ದರೆ ‘ಖಾತೆ ನನ್ನದಲ್ಲ’ ಎಂದೇ ದೂರು ಹಾಕಿ. ಪ್ಯಾನ್ ನಿಮ್ಮದೇ ಇದ್ದು ಸಾಲ ಮಾತ್ರ ಬೇರೆಯವರು ಎತ್ತಿದ್ದರೆ ಅದು ವಂಚನೆ. ಸಾಲ ಕೊಟ್ಟ ಕಂಪನಿಯಿಂದ ಅರ್ಜಿಯ ಪ್ರತಿ ಕೇಳಿ, ಸೈಬರ್ ಅಪರಾಧ ಸಹಾಯವಾಣಿ 1930ಕ್ಕೂ ಪೊಲೀಸ್ ಠಾಣೆಗೂ ದೂರು ಕೊಟ್ಟು, ಅದರ ಪ್ರತಿಯನ್ನು ಡಿಸ್ಪ್ಯೂಟ್ ಜತೆ ಲಗತ್ತಿಸಿ.