ಕಾರಿನ ಮೇಲೆ ಒಣಗಿದ ಮರದ ಅಂಟು: ಉಜ್ಜುವ ಮುಂಚೆ ನೆನೆಸಿ

ಪ್ರಶ್ನೆ: ನಮ್ಮ ಮನೆ ಮೂಡಿಗೆರೆ ಹತ್ತಿರ, ತೋಟದೊಳಗೆ. ಶೆಡ್ ರಿಪೇರಿ ಇದ್ದುದರಿಂದ ಕಾರನ್ನು ಎರಡು ವಾರ ಹಲಸಿನ ಮರದ ಕೆಳಗೆ ನಿಲ್ಲಿಸಿದ್ದೆವು. ಈಗ ಬಾನೆಟ್, ರೂಫ್ ತುಂಬಾ ಕಂದು ಹನಿಗಳು ಒಣಗಿ ಕೂತಿವೆ. ಶಾಂಪೂ ಹಾಕಿ ತೊಳೆದರೂ ಹೋಗಲಿಲ್ಲ. ಪರಿಚಯದ ಡ್ರೈವರ್ ಥಿನ್ನರ್ ಹಾಕಿ ಅಂತಾರೆ. ನಮ್ಮತ್ತೆ ಕೊಬ್ಬರಿ ಎಣ್ಣೆ ಹಚ್ಚು ಅಂತಾರೆ. ಯಾರ ಮಾತು ಕೇಳಲಿ?

ಉತ್ತರ: ಅತ್ತೆಯ ಮಾತು ಕೇಳಿ.

ಹಲಸಿನ ಹಣ್ಣು ಬಿಡಿಸುವಾಗ ಕೈಗೂ ಕತ್ತಿಗೂ ಎಣ್ಣೆ ಸವರಿಕೊಳ್ಳುತ್ತೇವೆ, ಅಲ್ವಾ? ಆ ಮೇಣ ನೀರಿಗೆ ಜಗ್ಗುವುದಿಲ್ಲ, ಎಣ್ಣೆಗೆ ಬಿಡುತ್ತದೆ. ನಿಮ್ಮ ಬಾನೆಟ್ ಮೇಲಿರುವುದೂ ಅದೇ ಮೇಣ. ಶಾಂಪೂಗೆ ಹೋಗದಿದ್ದುದು ಅದಕ್ಕೇ.

ಎಲ್ಲ ಮರದ ಅಂಟೂ ಒಂದೇ ಥರ ಅಲ್ಲ. ಸಿಲ್ವರ್ ಓಕ್ ಹೂ ಬಿಟ್ಟಾಗ ತೊಟ್ಟಿಕ್ಕುವುದು ಸಿಹಿ ರಸ. ಮಾವಿನ ಮರದ ಕೆಳಗೆ ನಿಲ್ಲಿಸಿದ ಕಾರು ಜಿಗುಟಾಗುವುದು ಹೆಚ್ಚಾಗಿ ಜಿಗಿಹುಳು ಬಿಡುವ ಅಂಟಿನಿಂದ. ಇವೆರಡೂ ಸಕ್ಕರೆ ನೀರೇ. ಬೆಚ್ಚಗಿನ ನೀರಿನಲ್ಲಿ ನೆನೆಸಿದರೆ ಸಾಕು. ಹಲಸಿನ ಮೇಣಕ್ಕೆ ಎಣ್ಣೆ ಬೇಕು. ಪೈನ್ ಥರದ ಮರದ ರಾಳಕ್ಕೆ ಸ್ಪಿರಿಟ್ ಬೇಕು. ಹಾಗಾಗಿ ಡಬ್ಬ ಕೈಗೆತ್ತಿಕೊಳ್ಳುವ ಮೊದಲು ತಲೆಯೆತ್ತಿ ಮರ ಯಾವುದು ಅಂತ ನೋಡಿ.

ಈಗ ಥಿನ್ನರ್ ವಿಷಯ. ಕಾರಿನ ಬಣ್ಣದ ಮೇಲೆ ಹೊಳಪಿಗೆ ಅಂತ ಕ್ಲಿಯರ್ ಕೋಟ್ ಇರುತ್ತದೆ. ಅದರ ದಪ್ಪ ಸಾಮಾನ್ಯವಾಗಿ 40ರಿಂದ 50 ಮೈಕ್ರಾನ್, ನೋಟ್‌ಬುಕ್ ಹಾಳೆಗಿಂತಲೂ ತೆಳು. ಕಂಪನಿಯಲ್ಲಿ ಬಿಸಿಯಲ್ಲಿ ಬೇಯಿಸಿದ ಪೇಂಟ್ ಥಿನ್ನರನ್ನು ಸ್ವಲ್ಪ ಹೊತ್ತು ತಡೆಯಬಹುದು. ಆದರೆ ಟಿಂಕರಿಂಗ್ ಮಾಡಿಸಿ ಹೊರಗೆ ಪೇಂಟ್ ಹೊಡೆಸಿದ ಭಾಗದಲ್ಲಿ ಬಣ್ಣವೇ ಬಟ್ಟೆಗೆ ಬಂದುಬಿಡುತ್ತದೆ. ಸೆಕೆಂಡ್ ಹ್ಯಾಂಡ್ ಗಾಡಿಯಾದರೆ ಯಾವ ಭಾಗಕ್ಕೆ ಮತ್ತೆ ಪೇಂಟ್ ಹೊಡೆದಿದ್ದಾರೆ ಅಂತ ನಿಮಗೆ ಹೇಗೆ ಗೊತ್ತಾಗಬೇಕು? ಪೆಟ್ರೋಲ್ ಕೂಡ ಬೇಡ. ಬೆಂಕಿಯ ಭಯ ಬೇರೆ.

ಮಾಡಬೇಕಾದ್ದು ಹೀಗೆ. ಕಾರನ್ನು ನೆರಳಿಗೆ ತನ್ನಿ, ಬಾನೆಟ್ ತಣ್ಣಗಾಗಲಿ. ಮೊದಲು ಚೆನ್ನಾಗಿ ತೊಳೆಯಿರಿ. ತೋಟದ ರಸ್ತೆಯ ಧೂಳು ಮೇಲಿದ್ದಾಗ ಉಜ್ಜಿದರೆ ಗೀರು ಬೀಳುವುದು ಅಂಟಿನಿಂದಲ್ಲ, ಆ ಮಣ್ಣಿನಿಂದ. ಆಮೇಲೆ ಕೈ ತಡೆಯುವಷ್ಟು ಬಿಸಿ ನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಹನಿಗಳ ಮೇಲೆ ಹಾಕಿಡಿ. ಆರಿದ ಹಾಗೆ ಬದಲಿಸಿ. ಹನಿ ಬೆಚ್ಚಗಾದ ಮೇಲೆ ಒರೆಸಿ, ಕೊಬ್ಬರಿ ಎಣ್ಣೆ ಹಚ್ಚಿ. ಹತ್ತು ಹದಿನೈದು ನಿಮಿಷ ಸುಮ್ನೆ ಬಿಡಿ. ಇಲ್ಲೇ ಎಲ್ಲರೂ ಅವಸರ ಮಾಡುವುದು. ಬೆರಳ ತುದಿಯಿಂದ ಮೆಲ್ಲಗೆ ಒತ್ತಿ ನೋಡಿ. ಗಟ್ಟಿ ಹನಿಯ ಅಂಚು ಮೊದಲು ಮೆತ್ತಗಾಗಿ ಸ್ವಲ್ಪ ಮೇಲೆದ್ದು ಬರುತ್ತದೆ. ಆಗ ಮೈಕ್ರೋಫೈಬರ್ ಬಟ್ಟೆಯಿಂದ ಒಂದೇ ಕಡೆಗೆ ಎಳೆದು ತೆಗೆಯಿರಿ. ಸುತ್ತ ಸುತ್ತ ತಿಕ್ಕಿದರೆ ಕರಗಿದ ಮೇಣ ಅಗಲಕ್ಕೆ ಹರಡುತ್ತದೆ, ಅಷ್ಟೇ. ಪ್ರತಿ ಸಲ ಬಟ್ಟೆಯ ಹೊಸ ಮಗ್ಗುಲು ತಿರುಗಿಸಿ. ಒಂದೇ ಸಲಕ್ಕೆ ಬರದಿದ್ದರೆ ಮತ್ತೆ ಎಣ್ಣೆ ಹಚ್ಚಿ. ಉಗುರು, ಬ್ಲೇಡ್, ಪಾತ್ರೆ ತಿಕ್ಕುವ ನಾರು ಯಾವುದೂ ಬೇಡ.

ಇಷ್ಟಕ್ಕೂ ಬಗ್ಗದ ಹನಿ ಇದ್ದರೆ ಐಸೊಪ್ರೊಪೈಲ್ ಆಲ್ಕೋಹಾಲ್ ಅನ್ನುವ ಸ್ಪಿರಿಟ್ ತನ್ನಿ. ಬಾಗಿಲು ತೆಗೆದಾಗ ಮಾತ್ರ ಕಾಣುವ ಅಂಚಿನಲ್ಲಿ ಮೊದಲು ಒಂದು ತೊಟ್ಟು ಹಾಕಿ ಒರೆಸಿ ನೋಡಿ. ಬಟ್ಟೆಗೆ ಬಣ್ಣ ಬರದಿದ್ದರೆ ಹನಿಯ ಮೇಲೆ ಅರ್ಧ ನಿಮಿಷ ಒತ್ತಿ ಹಿಡಿದು ತೆಗೆಯಿರಿ.

ಕೊನೆಗೆ ಶಾಂಪೂ ಹಾಕಿ ಇನ್ನೊಮ್ಮೆ ತೊಳೆಯಲೇಬೇಕು. ಎಣ್ಣೆ ಜಿಡ್ಡು ಉಳಿದರೆ ಧೂಳೆಲ್ಲ ಅಲ್ಲೇ ಕೂರುತ್ತದೆ. ಉಜ್ಜಿದ ಜಾಗದಲ್ಲಿ ವ್ಯಾಕ್ಸ್ ಕೂಡ ಹೋಗಿರುತ್ತದೆ, ಹೊಸದಾಗಿ ಹಚ್ಚಿ. ಅಂಟು ಹೋದ ಮೇಲೂ ಉಂಗುರದ ಹಾಗೆ ಮಸುಕು ಗುರುತು ಕಂಡರೆ ಬಿಸಿಲಿಗೆ ಅಂಟು ಕ್ಲಿಯರ್ ಕೋಟಿನ ಒಳಗೇ ಇಳಿದಿದೆ ಅಂತ ಅರ್ಥ. ಅದು ಎಣ್ಣೆಗೆ ಹೋಗುವುದಿಲ್ಲ, ಪಾಲಿಶ್ ಮಾಡಿಸಬೇಕು.

ಪ್ರಶ್ನೆ: ಹಾಸನದಲ್ಲಿ ಆಫೀಸಿನ ಹತ್ತಿರ ಮರದ ಕೆಳಗೇ ಪಾರ್ಕ್ ಮಾಡಬೇಕು. ಹೆಡ್‌ಲೈಟ್, ಮುಂದಿನ ಗಾಜಿನ ಮೇಲೂ ಅಂಟು ಇದೆ. ಸ್ಯಾನಿಟೈಸರ್ ಹಾಕಿ ಒರೆಸಬಹುದಾ?

ಉತ್ತರ: ಗಾಜಿಗೆ ಧಾರಾಳವಾಗಿ ಹಾಕಿ. ಹೆಡ್‌ಲೈಟಿಗೆ ಬೇಡ. ಅದು ಗಾಜಲ್ಲ, ಪ್ಲಾಸ್ಟಿಕ್. ಸ್ಪಿರಿಟ್ ಪದೇಪದೇ ತಾಗಿದರೆ ಮೇಲಿನ ಲೇಪ ಹಾಳಾಗಿ ಬೆಳಕು ಮಂಕಾಗಬಹುದು. ಅಲ್ಲಿಗೆ ಬೆಚ್ಚಗಿನ ಸೋಪಿನ ನೀರು, ಮೆತ್ತನೆ ಬಟ್ಟೆ ಸಾಕು. ಬ್ಲೇಡ್ ನಡೆಯುವುದು ಮುಂದಿನ ಗಾಜಿಗೆ ಮಾತ್ರ. ಗಾಜು ಒದ್ದೆಯಾಗಿರಬೇಕು, ಬ್ಲೇಡ್ ಹೊಸದಾಗಿರಬೇಕು, ಓರೆಯಾಗಿ ಹಿಡಿಯಬೇಕು. ವೈಪರ್ ರಬ್ಬರನ್ನೂ ಎತ್ತಿ ಒರೆಸಿಬಿಡಿ. ಅಲ್ಲಿ ಅಂಟು ಉಳಿದಿದ್ದರೆ ಮಳೆ ಬಂದ ದಿನ ಗಾಜಿನ ತುಂಬಾ ಬಳಿದು, ಎದುರಿನ ಗಾಡಿಯೇ ಕಾಣುವುದಿಲ್ಲ.