ಚಹಾದ ಹೊತ್ತಿನ ಕಲಿಕೆಗೆ ಲೆಕ್ಕ ಎಲ್ಲಿದೆ?

ಪ್ರಶ್ನೆ: ಪೀಣ್ಯದ ಸಣ್ಣ ಕಾರ್ಖಾನೆಯೊಂದರಲ್ಲಿ ನಾನು ಮೇಲ್ವಿಚಾರಕ. ಸಿಎನ್‌ಸಿ ಲೇತ್ (ಕಂಪ್ಯೂಟರ್ ನಿಯಂತ್ರಣದಲ್ಲಿ ಲೋಹ ಕಡೆಯುವ ಯಂತ್ರ) ನಡೆಸುವ ಹುಡುಗರು ತರಬೇತಿಗಿಂತ ಹೆಚ್ಚಾಗಿ ಚಹಾದ ಹೊತ್ತಿನಲ್ಲಿ ಹಿರಿಯರಿಂದ ಕಲಿಯುತ್ತಾರೆ. ‘ಈ ಹರಟೆಯಿಂದ ಎಷ್ಟು ರೂಪಾಯಿ ಬಂತು?’ ಎಂದು ಮಾಲೀಕರು ಕೇಳುತ್ತಿದ್ದಾರೆ. ಏನು ಹೇಳಲಿ?

ಉತ್ತರ: ಹರಟೆಯನ್ನು ಅಳೆಯಲು ಹೋಗಬೇಡಿ. ಯಾರು ಯಾರಿಗೆ ಏನು ಕಲಿಸಿದರೆಂದು ಬರೆಸತೊಡಗಿದ ಮರುದಿನವೇ ಎಲ್ಲರೂ ಬಾಯಿಗೆ ಬೀಗ ಹಾಕಿಕೊಳ್ಳುತ್ತಾರೆ. ಅಳೆಯಬೇಕಾದದ್ದು ಲೇತ್‌ನ ಬಳಿ ಇದೆ: ಹೊಸ ಜಾಬ್, ಅಂದರೆ ಹೊಸ ಬಗೆಯ ಬಿಡಿಭಾಗಕ್ಕೆ ಯಂತ್ರ ಸೆಟ್ ಮಾಡಲು ಹಿಡಿಯುವ ನಿಮಿಷಗಳು, ತಿರಸ್ಕೃತವಾಗುವ ಬಿಡಿಭಾಗಗಳು, ಮುರಿಯುವ ಇನ್ಸರ್ಟ್‌ಗಳು (ಲೋಹ ಕತ್ತರಿಸುವ ಮೊನೆಗಳು). ಇನ್ಸರ್ಟ್‌ನ ಬೆಲೆಯಂತೂ ನಿಮ್ಮ ಖರೀದಿ ಬಿಲ್ಲಿನಲ್ಲೇ ಇದೆ. ಹೊಸಬನೊಬ್ಬ ಹಿರಿಯನ ಪಕ್ಕದ ಯಂತ್ರದಲ್ಲಿದ್ದಾಗ ಮತ್ತು ರಾತ್ರಿ ಪಾಳಿಯಲ್ಲಿ ಒಂಟಿಯಾಗಿದ್ದಾಗ ಈ ಅಂಕಿಗಳು ಹೇಗಿವೆ, ನೋಡಿ. ವ್ಯತ್ಯಾಸವೆಲ್ಲ ಹರಟೆಯದ್ದೇ ಎಂದು ಮಾತ್ರ ಸಾಧಿಸಬೇಡಿ; ನಿದ್ದೆಗೂ ಅದರಲ್ಲಿ ಪಾಲಿದೆ!

ಮಾಲೀಕರಿಗೆ ಅಮೆರಿಕದ ಜೆರಾಕ್ಸ್ ಕಂಪನಿಯ ಸಂಗತಿ ಹೇಳಿ. 1980ರ ದಶಕದಲ್ಲಿ ಮಾನವಶಾಸ್ತ್ರಜ್ಞ ಜೂಲಿಯನ್ ಆರ್ ಅಲ್ಲಿನ ರಿಪೇರಿಗಾರರ ಜೊತೆ ಓಡಾಡಿದರು. ಕೈಪಿಡಿಗೆ ನಿಲುಕದ ಎಷ್ಟೋ ದೋಷಗಳನ್ನು ಈ ರಿಪೇರಿಗಾರರು ಪರಸ್ಪರ ಕಥೆ ಹೇಳಿಕೊಂಡೇ ಬಿಡಿಸುತ್ತಿದ್ದರು. ಮುಂದೆ 1990ರ ದಶಕದಲ್ಲಿ ಕಂಪನಿ ‘ಯುರೇಕಾ’ ಎಂಬ ವ್ಯವಸ್ಥೆ ಕಟ್ಟಿ ಇಂಥ ಉಪಾಯಗಳನ್ನು ಕಲೆಹಾಕಿತು. ಉಪಾಯದ ಜೊತೆ ಬರೆದವನ ಹೆಸರೂ ಇರುತ್ತಿತ್ತು. ಪರೀಕ್ಷಿಸಿ ಒಪ್ಪುವವರೂ ಅದೇ ಕಸುಬಿನವರು.

ನೀವು ಸದ್ಯಕ್ಕೆ ತಿರಸ್ಕೃತ ಮಾಲಿನ ರಿಜಿಸ್ಟರ್ ತೆಗೆಯಿರಿ. ಮಾಲೀಕರಿಗೆ ತೋರಿಸುವಾಗ ಹುಡುಗರ ಹೆಸರು ಮುಚ್ಚಿಡಿ. ಇಲ್ಲವಾದರೆ ಅದು ಸಂಬಳ ಕಡಿತದ ಪಟ್ಟಿಯಾದೀತು.