ಶಿವಮೊಗ್ಗದಲ್ಲಿ ಹೊಸ ರೀಫ್ ಟ್ಯಾಂಕ್: ಯಾವ ಟೆಸ್ಟ್ ಕಿಟ್ ಮೊದಲು, ಯಾವುದು ಆಮೇಲೆ?

ನೂರು ಲೀಟರಿನ ಉಪ್ಪುನೀರಿನ ರೀಫ್ ಟ್ಯಾಂಕ್ (ಹವಳ ಬೆಳೆಸುವ ತೊಟ್ಟಿ) ಶುರು ಮಾಡುತ್ತಿದ್ದೀರಿ, ಸಿಹಿನೀರಿನ ಮೀನಿಗೆ ತಂದಿದ್ದ ಮಾಸ್ಟರ್ ಕಿಟ್ (ನೀರಿನ ಹಲವು ಪರೀಕ್ಷೆಗಳ ಬಾಟಲಿಗಳು ಒಟ್ಟಿಗಿರುವ ಪೆಟ್ಟಿಗೆ) ಮನೆಯಲ್ಲಿದೆ, ಅದೇ ಸಾಕಾ ಎಂದು ಕೇಳಿದ್ದೀರಿ. ಸಾಲದು. ಹಾಗಂತ ಎಲ್ಲವನ್ನೂ ಒಂದೇ ಸಲ ತರಿಸಲೂಬೇಡಿ. ಕಿಟ್‌ಗಳಿಗೂ ಅವಧಿ ಇರುತ್ತದೆ. ಆರು ತಿಂಗಳಾದ ಮೇಲೆ ಬೇಕಾಗುವುದನ್ನು ಈಗಲೇ ತಂದಿಟ್ಟರೆ ಬಾಟಲಿ ಒಡೆಯುವ ಮೊದಲೇ ಹಳತಾಗಿರುತ್ತದೆ.

ಮೊದಲ ದುಡ್ಡು ರಿಫ್ರ್ಯಾಕ್ಟೋಮೀಟರಿಗೆ, ಅಂದರೆ ನೀರಿನ ಉಪ್ಪಿನಂಶ ಅಳೆಯುವ ಮೀಟರಿಗೆ. ಲವಣಾಂಶ 35 ಪಿಪಿಟಿ (ಸಾವಿರಕ್ಕೆ 35 ಭಾಗ), ಅಂದರೆ ಸಾಪೇಕ್ಷ ಸಾಂದ್ರತೆ ಸುಮಾರು 1.026 ಇರಬೇಕು. ಬರೀ ಆರ್‌ಒ ನೀರು ಹಾಕಿ ಮೀಟರನ್ನು ಸೊನ್ನೆಗೆ ತಂದರೆ ಸಾಲದು, 35ರ ಹತ್ತಿರ ತಪ್ಪು ಉಳಿದೇ ಇರಬಹುದು. 35 ಪಿಪಿಟಿಯ ಕ್ಯಾಲಿಬ್ರೇಶನ್ ದ್ರಾವಣ ಸಿಗದಿದ್ದರೆ 96.35 ಗ್ರಾಂ ಆರ್‌ಒ ನೀರಿಗೆ 3.65 ಗ್ರಾಂ ಒಣ ಪುಡಿಉಪ್ಪು ಕರಗಿಸಿ, ಆ ನೀರಿಗೆ ಗೆರೆ 35ಕ್ಕೆ ನಿಲ್ಲುವಂತೆ ಸ್ಕ್ರೂ ತಿರುಗಿಸಿ. ಜೊತೆಗೊಂದು ಟಿಡಿಎಸ್ ಪೆನ್ (ನೀರಿನಲ್ಲಿ ಕರಗಿರುವ ಲವಣ ಅಳೆಯುವ ಕಡ್ಡಿ) ಇರಲಿ. ಮನೆಯ ಕುಡಿಯುವ ನೀರಿನ ಆರ್‌ಒದಲ್ಲಿ ರುಚಿಗೆಂದು ಮಿನರಲ್ ಸೇರಿಸುವ ಕಾರ್ಟ್ರಿಜ್ ಇರುವುದುಂಟು. ಆ ನೀರು ಬೇಡ. ಡಿಐ ರೆಸಿನ್ (ಉಳಿದ ಲವಣವನ್ನೂ ಹಿಡಿದಿಡುವ ಫಿಲ್ಟರ್) ದಾಟಿ ಬಂದ, ಪೆನ್ನಿನಲ್ಲಿ 0 ತೋರಿಸುವ ನೀರು ಬೇಕು.

ಸೈಕಲ್ ಮಾಡುವಾಗ, ಅಂದರೆ ಮೀನು ಬಿಡುವ ಮೊದಲು ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾ ಬೆಳೆಸುವಾಗ, ನಿಮ್ಮ ಹಳೆಯ ಅಮೋನಿಯಾ ಬಾಟಲಿ ನಡೆಯುತ್ತದೆ, ಅವಧಿ ಮುಗಿದಿರದಿದ್ದರೆ. ಬಣ್ಣದ ಚಾರ್ಟ್ ಮಾತ್ರ ಉಪ್ಪುನೀರಿನದ್ದೇ ಬೇಕು. ಅಮೋನಿಯಾವನ್ನು 2 ಪಿಪಿಎಂಗೆ (ಹತ್ತು ಲಕ್ಷಕ್ಕೆ 2 ಭಾಗ) ಏರಿಸಿ. ಅದು 24 ಗಂಟೆಯೊಳಗೆ ಸೊನ್ನೆಗಿಳಿದರೆ ಬ್ಯಾಕ್ಟೀರಿಯಾ ತಯಾರು. ಅಮೋನಿಯಾ ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಆಗುತ್ತದೆ. ನೈಟ್ರೈಟಿಗೆ ಹೊಸ ಕಿಟ್ ಬೇಡ, ಸಮುದ್ರದ ನೀರಿನಲ್ಲಿರುವ ಕ್ಲೋರೈಡ್ ಮೀನನ್ನು ಅದರಿಂದ ಕಾಪಾಡುತ್ತದೆ. ಆದರೆ ನೈಟ್ರೈಟ್ ಇರುವಷ್ಟು ದಿನ ನೈಟ್ರೇಟ್ ಟೆಸ್ಟ್ ಸುಳ್ಳು ಹೇಳುತ್ತದೆ, ಇರುವುದಕ್ಕಿಂತ ಬಹಳ ಜಾಸ್ತಿ ತೋರಿಸುತ್ತದೆ. ಆ ಅಂಕಿ ನೋಡಿ ಗಾಬರಿಬಿದ್ದು ನೀರು ಬದಲಿಸಬೇಡಿ.

ಹವಳ ಬಿಟ್ಟ ಮೇಲೆ ನಿಜವಾಗಿ ಕೈಬಿಚ್ಚಿ ಖರ್ಚು ಮಾಡಬೇಕಾದದ್ದು ಆಲ್ಕಲಿನಿಟಿ (ನೀರಿನ ಕಾರ್ಬೊನೇಟ್ ಅಂಶ) ಕಿಟ್ಟಿಗೆ. ಹವಳ ತನ್ನ ಅಸ್ಥಿ ಕಟ್ಟಲು ಕಾರ್ಬೊನೇಟನ್ನು ದಿನವೂ ಎಳೆದುಕೊಳ್ಳುತ್ತದೆ, ಎಲ್ಲಕ್ಕಿಂತ ಮೊದಲು ಕುಸಿಯುವುದು ಇದೇ. 8ರಿಂದ 9 ಡಿಕೆಎಚ್‌ನಲ್ಲಿ (ಆಲ್ಕಲಿನಿಟಿ ಅಳೆಯುವ ಮಾನ) ಸ್ಥಿರವಾಗಿರಲಿ. ಅಂಕಿಗಿಂತ ಸ್ಥಿರತೆ ಮುಖ್ಯ: ದಿನಕ್ಕೆ 1 ಡಿಕೆಎಚ್ ಮೇಲೆಕೆಳಗೆ ಆದರೂ ಗಟ್ಟಿ ಹವಳದ ತುದಿ ಸುಟ್ಟಂತೆ ಬೆಳ್ಳಗಾಗಬಹುದು. ಎಪಿಐ ಕಂಪನಿಯ ಕಿಟ್ಟಿನಲ್ಲಿ ಒಂದು ಹನಿಗೆ 1 ಡಿಕೆಎಚ್ ಲೆಕ್ಕ, ಅಂದರೆ ಒಂದು ಹನಿ ತಪ್ಪಿದರೆ ನೀವು ನೂರು ಲೀಟರಿಗೆ ಆಲ್ಕಲಿನಿಟಿ ಏರಿಸುವ ಅಡಿಗೆ ಸೋಡಾವನ್ನು 3 ಗ್ರಾಂ ಸುಮ್ಮನೆ ಹಾಕಿದಂತೆ. ಅದೇ ಇದ್ದರೆ 5 ಮಿಲಿ ಬದಲು 10 ಮಿಲಿ ನೀರು ತೆಗೆದುಕೊಳ್ಳಿ, ಹನಿಗೆ ಅರ್ಧ ಡಿಕೆಎಚ್ ಆಗುತ್ತದೆ. ಹೊಸದಾಗಿ ಕೊಳ್ಳುವುದಾದರೆ ನನ್ನ ಆಯ್ಕೆ ಸಾಲಿಫರ್ಟ್ ಕಂಪನಿಯದ್ದು. ಅದರ ದ್ರಾವಣ ಹನಿಸುವ ಸಿರಿಂಜಿನಲ್ಲಿ ಕಪ್ಪು ರಬ್ಬರಿನ ಕೆಳಗೆ ಸ್ವಲ್ಪ ಗಾಳಿ ಉಳಿಯುತ್ತದೆ. ಅದು ತುದಿಯ ಗಾಳಿ, ಲೆಕ್ಕ ತಪ್ಪುವುದಿಲ್ಲ. ಕೊನೆಕೊನೆಗೆ ಹನಿ ಬಿದ್ದಲ್ಲಿ ಕೆಂಪು ಮೂಡಿ, ಅಲುಗಾಡಿಸಿದರೆ ಮಾಯವಾಗುತ್ತದೆ. ಅಲ್ಲಿಂದ ಒಂದೊಂದೇ ಹನಿ, ಪ್ರತಿ ಹನಿಗೂ ಅಲುಗಾಡಿಸಿ. ಕೆಂಪು ನಿಂತಲ್ಲಿ ನಿಲ್ಲಿಸಿ. ಬಣ್ಣ ಗುರುತಿಸುವುದು ಕಷ್ಟವಾದರೆ ಹ್ಯಾನಾ ಕಂಪನಿಯ ಚೆಕರ್ (ಬಣ್ಣವನ್ನು ತಾನೇ ಓದಿ ಅಂಕಿ ತೋರಿಸುವ ಡಿಜಿಟಲ್ ಮೀಟರ್) ತೆಗೆದುಕೊಳ್ಳಿ. ಗಾಜಿನ ಮೇಲೆ ಬೆರಳಚ್ಚು, ಒಳಗೆ ಗುಳ್ಳೆ ಇದ್ದರೆ ಮಾತ್ರ ಅದೂ ತಪ್ಪುತ್ತದೆ.

ನೈಟ್ರೇಟ್ 2ರಿಂದ 10, ಫಾಸ್ಫೇಟ್ 0.03ರಿಂದ 0.1 ಪಿಪಿಎಂ ಇರಲಿ. ಎರಡೂ ಸೊನ್ನೆಯಾದರೆ ಖುಷಿಪಡುವ ಹಾಗಿಲ್ಲ, ಮರಳಿನ ಮೇಲೆ ಕಂದು ಲೋಳೆಯಂತೆ ಡೈನೋ (ಡೈನೋಫ್ಲ್ಯಾಜೆಲೇಟ್ ಎಂಬ ಸೂಕ್ಷ್ಮಜೀವಿ) ಹಬ್ಬುವುದು ಆಗಲೇ. ಇಷ್ಟು ಸಣ್ಣ ಫಾಸ್ಫೇಟ್ ಬಣ್ಣದ ಚಾರ್ಟಿನಲ್ಲಿ ಕಣ್ಣಿಗೆ ಸಿಗುವುದಿಲ್ಲ, ಇದೊಂದಕ್ಕೆ ಡಿಜಿಟಲ್ ಚೆಕರ್ ಬೇಕೇ ಬೇಕು. ಎಪಿಐ ನೈಟ್ರೇಟಿನ ಎರಡನೇ ಬಾಟಲಿಯನ್ನು 30 ಸೆಕೆಂಡ್ ಜೋರಾಗಿ ಕುಲುಕದಿದ್ದರೆ ಪುಡಿ ತಳದಲ್ಲೇ ಉಳಿದು ಫಲಿತಾಂಶ ಕಡಿಮೆ ಬರುತ್ತದೆ.

ಕ್ಯಾಲ್ಸಿಯಂ (400–450), ಮೆಗ್ನೀಶಿಯಂ (1250–1350 ಪಿಪಿಎಂ) ಕಿಟ್‌ಗಳು ಗಟ್ಟಿ ಹವಳ ತಂದ ಮೇಲೆ ಸಾಕು. ಪಿಎಚ್ ಕಿಟ್ ಬೇಡವೇ ಬೇಡ. ಮಳೆಗಾಲದಲ್ಲಿ ಕಿಟಕಿ ಬಾಗಿಲು ಮುಚ್ಚಿದ ಮನೆಯಲ್ಲಿ ಇಂಗಾಲದ ಡೈಆಕ್ಸೈಡ್ ತುಂಬಿ ಪಿಎಚ್ 7.8ಕ್ಕೆ ಇಳಿಯಬಹುದು. ಅದಕ್ಕೆ ಮದ್ದು ಕಿಟಕಿ ತೆಗೆಯುವುದು, ಬಾಟಲಿಯಲ್ಲಿ ಸಿಗುವ, ಪಿಎಚ್ ಏರಿಸುವ ಬಫರ್ ಅಲ್ಲ.

ನಮ್ಮ ಕಡೆಯವರಿಗೆ ವಿಶೇಷವಾಗಿ ಹೇಳಬೇಕಾದದ್ದು ತಾಮ್ರ. ಅಡಿಕೆ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್) ಇರುತ್ತದೆ. ಆ ಬಕೆಟ್, ಪೈಪು, ಕೋಲು ಯಾವುದೂ ಟ್ಯಾಂಕಿನ ಹತ್ತಿರ ಸುಳಿಯಬಾರದು. ಶಂಖದ ಹುಳು, ಸೀಗಡಿ, ಹವಳ ಬಹಳ ಸ್ವಲ್ಪ ತಾಮ್ರಕ್ಕೇ ಸಾಯುತ್ತವೆ. ತಾಮ್ರದ ಕಿಟ್ ಕೊಂಡು ಧೈರ್ಯ ತಂದುಕೊಳ್ಳಬೇಡಿ. ಅವು ಮೀನಿನ ಚಿಕಿತ್ಸೆಯ ಪ್ರಮಾಣ ಅಳೆಯಲು ಮಾಡಿದವು, ಇಷ್ಟು ಸಣ್ಣ ಅಂಶ ಅವಕ್ಕೆ ಕಾಣುವುದಿಲ್ಲ. ಟ್ಯಾಂಕಿಗೆಂದೇ ಹೊಸ ಬಕೆಟ್ ಇಡಿ.

ಮಲೆನಾಡಿನ ತೇವಕ್ಕೆ ಪುಡಿ ರಾಸಾಯನಿಕ ಗಂಟುಕಟ್ಟುತ್ತದೆ. ಕಿಟ್‌ಗಳನ್ನು ಬಿಗಿಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಗಂಟಾದ ಪುಡಿಯನ್ನು ಎಸೆಯಿರಿ. ಬಣ್ಣವನ್ನು ಟ್ಯಾಂಕಿನ ನೀಲಿ ಲೈಟಿನಲ್ಲಿ ಓದಬೇಡಿ. ಆಷಾಢದ ಮಬ್ಬಿನಲ್ಲಿ ಕಿಟಕಿಯ ಬೆಳಕೂ ಸಾಲದು. ಬಿಳಿ ಎಲ್‌ಇಡಿ ಬಲ್ಬಿನ ಕೆಳಗೆ, ಹಿಂದೆ ಬಿಳಿ ಹಾಳೆ ಇಟ್ಟು ನೋಡಿ. ಫಲಿತಾಂಶ ವಿಚಿತ್ರವಾಗಿ ಬಂದರೆ ಟ್ಯಾಂಕಿಗೆ ಏನೂ ಹಾಕುವ ಮೊದಲು, ಹೊಸದಾಗಿ 35 ಪಿಪಿಟಿಗೆ ಕಲಸಿದ ಉಪ್ಪುನೀರನ್ನು ಅದೇ ಕಿಟ್ಟಿನಲ್ಲಿ ಪರೀಕ್ಷಿಸಿ. ಉಪ್ಪಿನ ಡಬ್ಬಿಯ ಮೇಲೆ ಬರೆದ ಅಂಕಿಗೂ ಅದಕ್ಕೂ ದೂರವಿದ್ದರೆ ಕಿಟ್ಟಿನ ಮೇಲೇ ಮೊದಲ ಅನುಮಾನ ಇರಲಿ.